ಶೇ 13.5 ಮತ್ತು ಶೇ 0.5: ಗಾರ್ಮೆಂಟ್ಸ್ ಲೈನ್ ಮೇಲೆ ನಡೆದ ಸಂಶೋಧನೆಗಳು

ಮ್ಯಾನೇಜ್‌ಮೆಂಟ್ ಪೇಪರ್ ಬಗ್ಗೆ ಕೇಳಿದ್ರೆ ಸೀನಿಯರ್‌ಗಳು ಹೇಳೋದು ಒಂದೇ ಮಾತು: "ಹಿಂದಿನ ರಾತ್ರಿ ಓದು, ಸಾಕು." ಟೇಲರ್, ಫಯೋಲ್, ಮಾಸ್ಲೋವಿನ ಪಿರಮಿಡ್, ಒಂದು ಡಯಾಗ್ರಾಂ, ನಾಲ್ಕು ಪಾಯಿಂಟ್. ಪರೀಕ್ಷೆ ಮುಗಿದ ಮೇಲೆ ಎಲ್ಲ ಮರೆತು ಹೋಗತ್ತೆ. ನಾವು ಇನ್ನೂ ಎರಡನೇ ವರ್ಷದಲ್ಲಿದ್ದೀವಿ, ಆ ಪೇಪರ್ ಬರೋಕೆ ಇನ್ನೂ ಟೈಮ್ ಇದೆ. ಆದ್ರೂ ಈ ಲೇಖನ ಬರೆಯೋಕೆ ಎರಡು ಕಾರಣ ಇವೆ.

ಒಂದು, ಕೆಲಸದ ಜಾಗದಲ್ಲಿ ಜನರನ್ನು ಹೇಗೆ ನೋಡ್ಕೋಬೇಕು ಅನ್ನೋ ವಿಷಯದಲ್ಲಿ ಇತ್ತೀಚೆಗೆ ಜಗತ್ತಿನಲ್ಲೇ ಹೆಚ್ಚು ಚರ್ಚೆಯಾದ ಕೆಲವು ಸಂಶೋಧನೆಗಳು ನಡೆದಿರೋದು ಅಮೆರಿಕದಲ್ಲೂ ಅಲ್ಲ, ಜಪಾನಿನಲ್ಲೂ ಅಲ್ಲ. ನಮ್ಮಿಂದ ಎರಡು ಗಂಟೆ ದೂರದ ಬೆಂಗಳೂರಿನ ಗಾರ್ಮೆಂಟ್ಸ್ ಫ್ಯಾಕ್ಟರಿಗಳಲ್ಲಿ. ಇನ್ನೊಂದು, ಆ ಫ್ಯಾಕ್ಟರಿಗಳಂಥ ಕಡೆ ಹೊಲಿಗೆ ಮೆಷಿನ್ ಮುಂದೆ ಕೂತಿರೋರು ನಮಗೆ ಗೊತ್ತಿರೋ ಜನ. ಕುಣಿಗಲ್ ಕಡೆ ಹಳ್ಳಿಗಳಲ್ಲಿ, ಗುಬ್ಬಿ ಕಡೆಯಲ್ಲಿ, ತುಮಕೂರಿನ ಹೊರ ಬಡಾವಣೆಗಳಲ್ಲಿ ಬೆಳಗ್ಗೆ ಕತ್ತಲು ಹರಿಯೋ ಮುಂಚೆ ಊಟದ ಡಬ್ಬಿ ಹಿಡ್ಕೊಂಡು ಗಾರ್ಮೆಂಟ್ಸ್ ಗಾಡಿ ಕಾಯೋ ಹೆಣ್ಣುಮಕ್ಕಳನ್ನ ನೋಡದೇ ಇರೋರು ನಮ್ಮಲ್ಲಿ ಯಾರಿದ್ದಾರೆ? ನಮ್ಮ ಕ್ಲಾಸಿನಲ್ಲೇ ಕೆಲವರ ಅಮ್ಮ, ಚಿಕ್ಕಮ್ಮ, ಅಕ್ಕ ಆ ಗಾಡಿ ಹತ್ತೋರು. ಕೆಲವರ ಸೆಮಿಸ್ಟರ್ ಫೀಸು ಅಲ್ಲಿಂದಲೇ ಬರೋದು. ಇನ್ನು ಎರಡೂವರೆ ವರ್ಷ ಆದ್ರೆ ನಮ್ಮಲ್ಲೇ ಕೆಲವರು ವಸಂತನರಸಾಪುರದಲ್ಲೋ ಪೀಣ್ಯದಲ್ಲೋ ಟ್ರೇನಿ ಇಂಜಿನಿಯರ್ ಆಗಿ, ಅಮ್ಮನ ವಯಸ್ಸಿನವರಿಗೆ "ಟಾರ್ಗೆಟ್ ಯಾಕೆ ಆಗಿಲ್ಲ?" ಅಂತ ಕೇಳೋ ಜಾಗದಲ್ಲಿ ನಿಂತಿರ್ತೀವಿ.

ಹಾಗಾಗಿ ಆ ಸಂಶೋಧನೆಗಳು ಏನು ಹೇಳ್ತವೆ ಅಂತ ನೋಡೋಣ.

ಮೊದಲು ಲೈನ್ ಅಂದ್ರೆ ಏನು

ಒಂದು ಶರ್ಟನ್ನು ಒಬ್ಬರೇ ಹೊಲಿಯೋದಿಲ್ಲ. ಕಾಲರ್ ಒಬ್ಬರು, ಕಫ್ ಒಬ್ಬರು, ಜೇಬು ಒಬ್ಬರು, ಗುಂಡಿ ಒಬ್ಬರು. ಹೀಗೆ ಹತ್ತಾರು ಮೆಷಿನ್‌ಗಳ ಸಾಲು ಒಂದು ಲೈನ್. ಅದಕ್ಕೊಬ್ಬ ಸೂಪರ್‌ವೈಸರ್. ಪ್ರತಿ ಕೆಲಸಕ್ಕೂ ಇಷ್ಟು ನಿಮಿಷ ಅಂತ ಇಂಡಸ್ಟ್ರಿಯಲ್ ಇಂಜಿನಿಯರಿಂಗ್ ವಿಭಾಗ ಮೊದಲೇ ಲೆಕ್ಕ ಹಾಕಿಟ್ಟಿರತ್ತೆ, ಅದಕ್ಕೆ ಸ್ಯಾಮ್ ಅಂತಾರೆ. ಉದಾಹರಣೆಗೆ ಕಾಲರ್ ಕೂಡಿಸೋಕೆ 0.75 ನಿಮಿಷ ಅಂದುಕೊಳ್ಳಿ. ಗಂಟೆಗೆ 80 ಪೀಸ್ ಆಗಬೇಕು. ಒಬ್ಬಾಕೆ 60 ಮಾಡಿದರೆ ಆಕೆಯ ಎಫಿಶಿಯನ್ಸಿ ಶೇ 75. ಇದನ್ನು ದಿನವೂ ಬರೆದಿಡ್ತಾರೆ.

ಸಂಶೋಧಕರಿಗೆ ಗಾರ್ಮೆಂಟ್ಸ್ ಇಷ್ಟ ಆಗಿದ್ದು ಇದೇ ಕಾರಣಕ್ಕೆ. ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಇವತ್ತು ಎಷ್ಟು "ಉತ್ಪಾದನೆ" ಮಾಡಿದ ಅಂತ ಅಳೆಯೋದು ಕಷ್ಟ. ಹೊಲಿಗೆ ಲೈನಿನಲ್ಲಿ ದಿನ ದಿನದ ಸಂಖ್ಯೆ ಸಿದ್ಧವಾಗಿ ಸಿಗತ್ತೆ. ಯಾರೋ ಒಂದು ಬದಲಾವಣೆ ಮಾಡಿದ್ರೆ ಅದರ ಪರಿಣಾಮ ಮುಂದಿನ ವಾರದ ಶೀಟಿನಲ್ಲೇ ಕಾಣತ್ತೆ.

ಈ ಕೆಲಸ ಮಾಡಿದವರು ಮುಖ್ಯವಾಗಿ ಮೂವರು ಅರ್ಥಶಾಸ್ತ್ರಜ್ಞರು: ಅಚ್ಯುತ ಅಧ್ವರ್ಯು, ನಮ್ರತಾ ಕಲಾ, ಅನಂತ್ ನೈಷಧಮ್. ಅವರು ಹೆಚ್ಚಾಗಿ ಕೆಲಸ ಮಾಡಿದ್ದು ಶಾಹಿ ಎಕ್ಸ್‌ಪೋರ್ಟ್ಸ್ ಕಂಪನಿಯ ಜೊತೆ. ಮುಂದೆ ಇದಕ್ಕಾಗಿಯೇ ಗುಡ್ ಬಿಸಿನೆಸ್ ಲ್ಯಾಬ್ ಅನ್ನೋ ಸಂಸ್ಥೆಯೂ ಹುಟ್ಟಿಕೊಂಡಿತು.

ಸಾಫ್ಟ್ ಸ್ಕಿಲ್ ಕ್ಲಾಸು

ಸಾಫ್ಟ್ ಸ್ಕಿಲ್ ಅಂದ್ರೆ ನಮಗೆ ನೆನಪಾಗೋದು ಅಟೆಂಡೆನ್ಸ್‌ಗೋಸ್ಕರ ಕೂತ್ಕೊಳ್ಳೋ ಶನಿವಾರದ ಕ್ಲಾಸು. ಟ್ರೈನರ್ ಬಂದು "ಬಿ ಕಾನ್ಫಿಡೆಂಟ್" ಅಂತಾರೆ, ನಾವು ಹಿಂದಿನ ಬೆಂಚಲ್ಲಿ ರೀಲ್ಸ್ ನೋಡ್ತೀವಿ. ಇಂಥದ್ದರಿಂದ ನಿಜವಾಗಲೂ ಏನಾದ್ರೂ ಉಪಯೋಗ ಇದೆಯಾ ಅಂತ ಅಳೆದು ನೋಡಿದವರು ಕಡಿಮೆ.

ಗ್ಯಾಪ್ ಕಂಪನಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗಾಗಿ ಪೇಸ್ ಅನ್ನೋ ತರಬೇತಿ ಶುರು ಮಾಡಿತ್ತು. ವಾರಕ್ಕೆ ಸುಮಾರು ಎರಡು ಗಂಟೆಯಂತೆ ಹತ್ತಿರ ಹತ್ತಿರ ಒಂದು ವರ್ಷ. ಮಾತಾಡೋದು, ಸಮಯ ಹೊಂದಿಸೋದು, ಒತ್ತಡ ನಿಭಾಯಿಸೋದು, ಸಮಸ್ಯೆ ಬಂದ್ರೆ ಬಗೆಹರಿಸೋದು, ಹಣದ ಲೆಕ್ಕ, ಕಾನೂನಿನ ತಿಳಿವಳಿಕೆ, ಆರೋಗ್ಯ. ಹೊಲಿಗೆ ಬಗ್ಗೆ ಒಂದಕ್ಷರ ಇಲ್ಲ. ಬೆಂಗಳೂರಿನ ಸುತ್ತಿನ ಐದು ಫ್ಯಾಕ್ಟರಿಗಳಲ್ಲಿ ಇದನ್ನು ಪರೀಕ್ಷೆ ಮಾಡಿದರು. ಸೇರ್ತೀನಿ ಅಂತ ಹೆಸರು ಕೊಟ್ಟವರು 2,700ರಷ್ಟು ಜನ. ಸೀಟು ಅಷ್ಟಿರಲಿಲ್ಲ. ಹಾಗಾಗಿ ಲಾಟರಿ ಎತ್ತಿದರು.

ಲಾಟರಿಯೇ ಯಾಕೆ? ಸೂಪರ್‌ವೈಸರ್ ಆರಿಸಿ ಕಳಿಸಿದ್ರೆ ಮೊದಲೇ ಚುರುಕಾಗಿರೋರನ್ನೇ ಕಳಿಸ್ತಿದ್ದರು. ಆಮೇಲೆ ಅವರು ಚೆನ್ನಾಗಿ ಕೆಲಸ ಮಾಡಿದ್ರೆ ಅದು ತರಬೇತಿಯಿಂದಲೋ, ಅವರು ಇದ್ದಿದ್ದೇ ಹಾಗೋ ಹೇಳೋಕಾಗಲ್ಲ. ಬಯಸಿದವರಲ್ಲೇ ಲಾಟರಿ ಎತ್ತಿದರೆ ಸಿಕ್ಕವರು, ಸಿಗದವರು ಸರಾಸರಿಯಲ್ಲಿ ಒಂದೇ ಥರದ ಜನ. ಇಲ್ಲಿ ಇನ್ನೊಂದು ಜಾಣತನವೂ ಇತ್ತು: ಮೊದಲು ಯಾವ ಲೈನ್‌ಗಳು ಅಂತ ಲಾಟರಿ, ಆಮೇಲೆ ಆ ಲೈನಿನ ಒಳಗೆ ಯಾರು ಅಂತ ಇನ್ನೊಂದು ಲಾಟರಿ. ಪಕ್ಕದ ಮೆಷಿನ್‌ನವಳು ಕ್ಲಾಸಿಗೆ ಹೋಗಿ ಬಂದು ಕಲಿತದ್ದನ್ನು ಇವಳಿಗೂ ಹೇಳಿದ್ರೆ? ಆ ಹರಡುವಿಕೆಯನ್ನೂ ಅಳೆಯಬಹುದು.

ಫಲಿತಾಂಶ 2023ರಲ್ಲಿ ಜರ್ನಲ್ ಆಫ್ ಪೊಲಿಟಿಕಲ್ ಎಕಾನಮಿಯಲ್ಲಿ ಬಂತು. ತರಬೇತಿ ಸಿಕ್ಕವರ ಉತ್ಪಾದಕತೆ ಸಿಗದವರಿಗಿಂತ ಶೇ 13.5 ಹೆಚ್ಚು. ಅಂದ್ರೆ ಅವರು 200 ಪೀಸ್ ಹೊಲಿಯೋ ಹೊತ್ತಿಗೆ ಇವರು 227. ಸೂಜಿ ಹಿಡಿಯೋದು ಹೇಳಿಕೊಡದೇ ಇದು ಹೇಗಾಯ್ತು? ಲೈನ್ ಅನ್ನೋದು ಒಬ್ಬರಿಂದೊಬ್ಬರಿಗೆ ಹೋಗೋ ಸರಪಳಿ ಅಂತ ನೆನಪಿಟ್ಟುಕೊಂಡರೆ ನಮಗೆ ಅರ್ಥ ಆಗೋದು ಹೀಗೆ: ಹಿಂದಿನವರಿಂದ ಪೀಸ್ ತಪ್ಪಾಗಿ ಬರ್ತಿದ್ರೆ ಬಾಯಿಬಿಟ್ಟು ಹೇಳಬೇಕು. ಮೆಷಿನ್ ಸರಿ ಇಲ್ಲದಿದ್ರೆ ಮೆಕ್ಯಾನಿಕ್‌ನ ಕರೀಬೇಕು. "ನನಗೆ ಆ ಕಷ್ಟದ ಆಪರೇಷನ್ನೂ ಕಲಿಸಿಕೊಡಿ" ಅಂತ ಕೇಳಬೇಕು. ತರಬೇತಿ ಪಡೆದವರಲ್ಲಿ ಮಾತುಗಾರಿಕೆ, ಜನರ ಜೊತೆ ಬೆರೆಯೋ ಗುಣ ಹೆಚ್ಚಾಗಿತ್ತು, ಹೊಸ ತಾಂತ್ರಿಕ ಕೌಶಲ ಕಲಿಯೋದೂ ಹೆಚ್ಚಾಗಿತ್ತು ಅಂತ ಸಂಶೋಧನೆ ಹೇಳತ್ತೆ.

ಕಂಪನಿಗೆ ಇದರಿಂದ ಬಂದ ಲಾಭ? ತರಬೇತಿ ಮುಗಿದ ಎಂಟು ತಿಂಗಳಿಗೆ, ಹಾಕಿದ ಖರ್ಚನ್ನೆಲ್ಲ ಕಳೆದ ಮೇಲೂ ಶೇ 250ಕ್ಕಿಂತ ಹೆಚ್ಚು. ನೂರು ರೂಪಾಯಿ ಹಾಕಿದ್ರೆ ಆ ನೂರೂ ವಾಪಸ್, ಮೇಲೆ ಇನ್ನೂರ ಐವತ್ತಕ್ಕೂ ಹೆಚ್ಚು.

ಆ ಹೆಣ್ಣುಮಕ್ಕಳ ಸಂಬಳ ಎಷ್ಟು ಏರಿತು? ಶೇ 0.5.

ಇದನ್ನ ಓದಿ ನಾವು ಮತ್ತೆ ಹಿಂದೆ ಹೋಗಿ ನೋಡಿದ್ವಿ, ದಶಾಂಶ ಬಿಂದು ಎಲ್ಲೋ ತಪ್ಪಿರಬೇಕು ಅಂತ. ಇಲ್ಲ, ಅಷ್ಟೇ. ಹತ್ತು ಸಾವಿರ ಸಂಬಳ ಇದ್ದರೆ ತಿಂಗಳಿಗೆ ಐವತ್ತು ರೂಪಾಯಿ. ಸಂಶೋಧಕರು ಇದನ್ನು ಮುಚ್ಚಿಟ್ಟಿಲ್ಲ, ಪ್ರಬಂಧದ ಸಾರಾಂಶದಲ್ಲೇ ಹೇಳಿದ್ದಾರೆ. ಅವರ ವಿವರಣೆ ಏನಂದ್ರೆ ಕಾರ್ಮಿಕ ಮಾರುಕಟ್ಟೆ ಪುಸ್ತಕದಲ್ಲಿ ಇರೋ ಹಾಗೆ ಸಲೀಸಾಗಿ ನಡೆಯೋದಿಲ್ಲ. ನಾವು ಅದನ್ನು ನಮ್ಮ ಊರಿನ ಕಣ್ಣಲ್ಲಿ ನೋಡಿದ್ರೆ: ಸಂಬಳದ ಲೆಕ್ಕ ಸರ್ಕಾರದ ಕನಿಷ್ಠ ವೇತನದ ಸುತ್ತಲೇ ತಿರುಗತ್ತೆ. ಒಬ್ಬಾಕೆ ಚುರುಕಾದಳು ಅಂತ ಈ ಫ್ಯಾಕ್ಟರಿಗೆ ಗೊತ್ತು, ಪಕ್ಕದ ಫ್ಯಾಕ್ಟರಿಗೆ ಗೊತ್ತಿಲ್ಲ. ಗೊತ್ತಾದ್ರೂ ಆಕೆ ಹೋಗಬೇಕಲ್ಲ? ಗಾಡಿ ಬರೋದು ಒಂದೇ ಕಡೆಯಿಂದ, ಮಗುವಿನ ಶಾಲೆ ಬಿಡೋ ಹೊತ್ತು ಒಂದೇ, ಊರಿನ ನಾಲ್ಕು ಜನ ಹೋಗೋ ಫ್ಯಾಕ್ಟರಿಯೂ ಒಂದೇ.

ಇಲ್ಲಿ ಟೇಲರ್ ನೆನಪಾಗ್ತಾನೆ. ಸ್ಟಾಪ್‌ವಾಚ್ ಹಿಡಿದು ಕೆಲಸಗಾರರನ್ನು ಯಂತ್ರ ಮಾಡಿದವನು ಅಂತ ಎಲ್ಲರೂ ಬೈಯೋ ಫ್ರೆಡ್ರಿಕ್ ಟೇಲರ್. 1911ರ ಪುಸ್ತಕದಲ್ಲಿ ಅವನು ಶ್ಮಿಟ್ ಅನ್ನೋ ಕೂಲಿಯವನ ಕಥೆ ಹೇಳ್ತಾನೆ: ದಿನಕ್ಕೆ ಹನ್ನೆರಡೂವರೆ ಟನ್ ಕಬ್ಬಿಣ ಹೊರುತ್ತಿದ್ದವನು 47 ಟನ್ ಹೊತ್ತ, ಕೂಲಿ 1.15 ಡಾಲರಿನಿಂದ 1.85 ಡಾಲರಿಗೆ ಏರಿತು. ಕಥೆಯಲ್ಲಿ ಎಷ್ಟು ಉಪ್ಪುಖಾರ ಬೆರೆಸಿದ್ದಾನೆ ಅಂತ ಇತಿಹಾಸಕಾರರು ಆಮೇಲೆ ಪ್ರಶ್ನೆ ಎತ್ತಿದ್ದಾರೆ, ಅದಿರಲಿ. ಆ ಟೇಲರ್ ಕೂಡ ಕೆಲಸ ಹೆಚ್ಚಾದ್ರೆ ಕೂಲಿ ಶೇ 60 ಹೆಚ್ಚಬೇಕು ಅಂತ ಬರೆದ!

ದೀಪ ಬದಲಾಯಿಸಿದ ಕಥೆ

ಮ್ಯಾನೇಜ್‌ಮೆಂಟ್ ಪುಸ್ತಕದಲ್ಲಿ ಬರೋ ಇನ್ನೊಂದು ಪ್ರಸಿದ್ಧ ಹೆಸರು ಹಾಥಾರ್ನ್. ಶಿಕಾಗೋ ಹತ್ತಿರದ ವೆಸ್ಟರ್ನ್ ಎಲೆಕ್ಟ್ರಿಕ್ ಕಾರ್ಖಾನೆಯಲ್ಲಿ 1924ರಲ್ಲಿ ಶುರುವಾದ ಪ್ರಯೋಗ. ಬೆಳಕು ಹೆಚ್ಚು ಮಾಡಿದ್ರೂ ಕೆಲಸ ಜಾಸ್ತಿ, ಕಮ್ಮಿ ಮಾಡಿದ್ರೂ ಜಾಸ್ತಿ, ಯಾಕಂದ್ರೆ ಯಾರೋ ನಮ್ಮನ್ನು ಗಮನಿಸ್ತಿದ್ದಾರೆ ಅನ್ನೋದೇ ಹುರುಪು ಕೊಟ್ಟಿತು. ಇದು ಪರೀಕ್ಷೆಗೆ ಬರೆಯೋ ಉತ್ತರ. ಬರೀರಿ, ಮಾರ್ಕ್ಸ್ ಬರತ್ತೆ. ಆದ್ರೆ 2011ರಲ್ಲಿ ಸ್ಟೀವನ್ ಲೆವಿಟ್ ಮತ್ತು ಜಾನ್ ಲಿಸ್ಟ್ ಆ ಬೆಳಕಿನ ಪ್ರಯೋಗದ ಮೂಲ ಅಂಕಿಅಂಶಗಳನ್ನು ಹುಡುಕಿ ತೆಗೆದು ಮತ್ತೆ ಲೆಕ್ಕ ಹಾಕಿದಾಗ, ಆ ಕಥೆ ಹೇಳುವಷ್ಟು ಸ್ಪಷ್ಟ ಪರಿಣಾಮ ಅಲ್ಲಿ ಕಾಣಲಿಲ್ಲ.

ಬೆಂಗಳೂರಿನ ದೀಪದ ಕಥೆ ಇದಕ್ಕಿಂತ ಗಟ್ಟಿ ಅನ್ನಿಸತ್ತೆ. ಅಲ್ಲಿನ ಗಾರ್ಮೆಂಟ್ಸ್ ಫ್ಯಾಕ್ಟರಿಗಳಲ್ಲಿ ಕರೆಂಟ್ ಉಳಿಸೋಕೆ ಹಳೆ ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕ್ತಾ ಬಂದ್ರು. ಹೊಲಿಗೆಗೆ ಬೆಳಕು ಬೇಕು, ಹಾಗಾಗಿ ದೀಪಗಳು ತಲೆಗೆ ಹತ್ತಿರ ಇರ್ತವೆ. ಹಳೆ ದೀಪ ಕೊಡೋ ಬಿಸಿಯನ್ನು ಎಲ್‌ಇಡಿ ಕೊಡಲ್ಲ. ಸಂಶೋಧಕರು ಪ್ರತಿ ಲೈನಿನ ದಿನದ ಉತ್ಪಾದನೆಯನ್ನು ಹವಾಮಾನದ ಅಂಕಿಯ ಜೊತೆ ಇಟ್ಟು ನೋಡಿದ್ರು. ಸೆಕೆ ಏರಿದ ಹಾಗೆ ಉತ್ಪಾದನೆ ಬೀಳ್ತಿತ್ತು, ಅದೂ ನೇರ ಗೆರೆಯಲ್ಲಿ ಅಲ್ಲ, ಒಂದು ಮಟ್ಟ ದಾಟಿದ ಮೇಲೆ ಜೋರಾಗಿ. ಎಲ್‌ಇಡಿ ಬಂದ ಮೇಲೆ ಸೆಕೆಯ ದಿನಗಳ ಆ ಕುಸಿತ ಬಹಳ ಕಡಿಮೆ ಆಯ್ತು. ಒಂದು ಸರಾಸರಿ ಫ್ಯಾಕ್ಟರಿಗೆ ಕರೆಂಟ್ ಬಿಲ್ಲಿನಲ್ಲಿ ಉಳಿದದ್ದು ಸುಮಾರು 2,880 ಡಾಲರ್, ಹೆಚ್ಚಿದ ಉತ್ಪಾದನೆಯಿಂದ ಬಂದದ್ದು ಸುಮಾರು 7,500 ಡಾಲರ್. ದೀಪಕ್ಕೆ ಹಾಕಿದ ದುಡ್ಡು ವಾಪಸ್ ಬರೋ ಅವಧಿ ಮೂರನೇ ಒಂದು ಭಾಗಕ್ಕಿಂತ ಕಡಿಮೆಗೆ ಇಳಿಯಿತು.

ಎಲೆಕ್ಟ್ರಿಕಲ್‌ನವರು ದಯವಿಟ್ಟು ಗಮನಿಸಿ. ನಾವು ಪೇಬ್ಯಾಕ್ ಪೀರಿಯಡ್ ಲೆಕ್ಕ ಹಾಕುವಾಗ ವ್ಯಾಟ್ ಮಾತ್ರ ಹಾಕ್ತೀವಿ. ಆ ದೀಪದ ಕೆಳಗೆ ಬೆವರ್ತಾ ಕೂತಿರೋ ಮನುಷ್ಯ ನಮ್ಮ ಫಾರ್ಮುಲಾದಲ್ಲೇ ಇಲ್ಲ. ಇಲ್ಲಿ ದೊಡ್ಡ ಸಂಖ್ಯೆ ಬಂದಿದ್ದು ಆ ಮನುಷ್ಯನ ಕಡೆಯಿಂದ.

ಸೂಪರ್‌ವೈಸರ್‌ಗಳು ಮತ್ತು ಕೈಸಾಲ

ಹೊಸ ಆರ್ಡರ್ ಬಂದಾಗ ಯಾವ ಲೈನೂ ಮೊದಲ ದಿನವೇ ಪೂರ್ತಿ ವೇಗದಲ್ಲಿ ಓಡಲ್ಲ. ಹೊಸ ಡಿಸೈನ್, ಕೈ ಕೂರಬೇಕು. ದಿನ ದಿನಕ್ಕೆ ಏರ್ತಾ ಹೋಗತ್ತೆ. ಕೆಲವು ಲೈನ್ ಬೇಗ ಏರತ್ತೆ, ಕೆಲವು ನಿಧಾನ. ವ್ಯತ್ಯಾಸ ಎಲ್ಲಿದೆ ಅಂತ ಎರಡು ವರ್ಷದ ದಿನವಹಿ ಅಂಕಿ ಇಟ್ಟುಕೊಂಡು ಇದೇ ತಂಡ ಹುಡುಕಿದಾಗ ಸಿಕ್ಕ ಉತ್ತರ ಸೂಪರ್‌ವೈಸರ್. ಯಾವ ಥರದ ಸೂಪರ್‌ವೈಸರ್? ಲೈನಿನ ಮೇಲೆ ಗಮನ ಇಟ್ಟಿರೋರು, ಸಮಸ್ಯೆ ಎಲ್ಲಿದೆ ಅಂತ ಓಡಾಡಿ ನೋಡೋರು, ಮೇಲಿನವರ ಅಪ್ಪಣೆಗೆ ಕಾಯದೆ ತಾವೇ ನಿರ್ಧಾರ ತಗೊಳ್ಳೋರು, ಸಂದರ್ಭ ತಮ್ಮ ಹಿಡಿತದಲ್ಲಿದೆ ಅಂತ ನಂಬಿರೋರು. ತಮಾಷೆ ಏನಂದ್ರೆ ಇಂಥ ಗುಣಗಳಿಂದ ಕಂಪನಿಗೆ ಎಷ್ಟು ಲಾಭವೋ ಅದಕ್ಕೆ ತಕ್ಕ ಸಂಬಳ ಅವರಿಗೂ ಸಿಗ್ತಿರಲಿಲ್ಲ. ಗಮನ ಅನ್ನೋದು ಬಯೋಡೇಟಾದಲ್ಲಿ ಕಾಣೋ ವಸ್ತು ಅಲ್ಲವಲ್ಲ.

ಇದಕ್ಕಿಂತ ನಮಗೆ ಹಿಡಿಸಿದ್ದು ಗೈರುಹಾಜರಿಯ ಮೇಲಿನ ಸಂಶೋಧನೆ. ಒಂದು ಲೈನಿನಲ್ಲಿ ಇವತ್ತು ಐದಾರು ಜನ ಬಂದಿಲ್ಲ ಅಂದುಕೊಳ್ಳಿ: ಹಬ್ಬ, ಜ್ವರ, ಮಗುವಿಗೆ ಹುಷಾರಿಲ್ಲ. ಲೈನ್ ಒದ್ದಾಡತ್ತೆ. ಅದೇ ಹೊತ್ತಿಗೆ ಇನ್ನೊಂದು ಲೈನಿನಲ್ಲಿ ಎಲ್ಲರೂ ಬಂದಿರ್ತಾರೆ. ಅಲ್ಲಿಂದ ಇಬ್ಬರನ್ನು ಇಲ್ಲಿಗೆ ಕಳಿಸಿದ್ರೆ ಒಟ್ಟು ಫ್ಯಾಕ್ಟರಿಗೆ ಲಾಭ. ಸೂಪರ್‌ವೈಸರ್‌ಗಳು ಹೀಗೆ ಜನರನ್ನು ಕೈಸಾಲ ಕೊಡೋದು, ತಗೊಳ್ಳೋದು ನಿಜವಾಗಲೂ ನಡೆಯತ್ತೆ. ಇವತ್ತು ನಾನು ಕೊಟ್ಟೆ, ನಾಳೆ ನೀನು ಕೊಡು. ಬರಹ ಇಲ್ಲ, ರೂಲ್ ಇಲ್ಲ, ನಂಬಿಕೆ ಮಾತ್ರ. ನಮ್ಮ ಹಳ್ಳಿಗಳಲ್ಲಿ ನಾಟಿಗೆ ಮುಯ್ಯಾಳು ಹೋಗ್ತಾರಲ್ಲ, ಹಾಗೇ.

ಆದರೆ ಆಗಬಹುದಾಗಿದ್ದ ಎಷ್ಟೋ ಕೈಸಾಲ ಆಗೋದೇ ಇಲ್ಲ. ಯಾಕಂದ್ರೆ ಪ್ರತಿ ಸೂಪರ್‌ವೈಸರ್‌ಗೂ ಹೀಗೆ ಕೊಟ್ಟು ತಗೊಳ್ಳೋಕೆ ಬೆರಳೆಣಿಕೆಯ ಜನ ಮಾತ್ರ. ಆ ಜೊತೆಗಾರ ಕೆಲಸ ಬಿಟ್ಟು ಹೋದರೆ ಇವರ ಲೈನಿಗೆ ಸಾಲ ಸಿಗೋದೂ ಕಡಿಮೆ ಆಗತ್ತೆ. ಫ್ಲೋರಿನ ಇನ್ನೊಂದು ತುದಿಯಲ್ಲಿ ಜನ ಹೆಚ್ಚಿದ್ದರೂ ಅಲ್ಲಿನವರ ಜೊತೆ ಮಾತೇ ಇಲ್ಲ. ಮೇಲಿನಿಂದ ನೋಡಿದ್ರೆ ಇದು ಸಿಂಪಲ್ ಆಪ್ಟಿಮೈಸೇಶನ್ ಪ್ರಾಬ್ಲಂ, ಕೋಡ್ ಬರೆದು ಒಂದು ಸೆಕೆಂಡಲ್ಲಿ ಬಿಡಿಸಬಹುದು ಅಂತ ನಮ್ಮ ಕಂಪ್ಯೂಟರ್ ಸೈನ್ಸ್ ಗೆಳೆಯ ಹೇಳಿದ. ಬಿಡಿಸಬಹುದು. ಆದರೆ ತನ್ನ ಒಳ್ಳೆ ಟೈಲರ್‌ನ ಗುರುತಿಲ್ಲದವರ ಲೈನಿಗೆ ಕಳಿಸಿ ಸಂಜೆ ತನ್ನ ಟಾರ್ಗೆಟ್ ಬಿದ್ದಾಗ ಬೈಗುಳ ತಿನ್ನೋದು ಆ ಸೂಪರ್‌ವೈಸರ್, ಕೋಡ್ ಅಲ್ಲ.

(ಗುಬ್ಬಿಯವರಿಗೆ ಒಂದು ಮಾತು. 1884ರಲ್ಲಿ ಶುರುವಾದ ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘ ಊರೂರು ಸುತ್ತಿ, ಕುರುಕ್ಷೇತ್ರಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದ ಕಂಪನಿ. ಅಷ್ಟು ಜನರ ಊಟ, ವಸತಿ, ಸಂಬಳ, ಜಗಳ, ಕೊನೇ ಗಳಿಗೆಯಲ್ಲಿ ಜ್ವರ ಬಂದವನ ಪಾತ್ರಕ್ಕೆ ಇನ್ನೊಬ್ಬ, ಎಲ್ಲವನ್ನೂ ದಿನಾ ರಾತ್ರಿ ಪರದೆ ಏಳೋ ಮುಂಚೆ ಹೊಂದಿಸಬೇಕಿತ್ತು. ವೀರಣ್ಣನವರ ಮೇಲೆ ಒಂದು ಮ್ಯಾನೇಜ್‌ಮೆಂಟ್ ಕೇಸ್ ಸ್ಟಡಿ ಯಾರಾದ್ರೂ ಬರೀಬೇಕು. ನಾವು ಓದ್ತೀವಿ.)

ಕೇಳೋರು ಇದ್ದಾರಾ?

1970ರಲ್ಲಿ ಆಲ್ಬರ್ಟ್ ಹರ್ಷ್‌ಮನ್ ಅನ್ನೋ ಅರ್ಥಶಾಸ್ತ್ರಜ್ಞ ಒಂದು ಸರಳ ವಿಚಾರ ಮುಂದಿಟ್ಟ. ಒಂದು ಸಂಸ್ಥೆಯ ಬಗ್ಗೆ ಅಸಮಾಧಾನ ಇದ್ದವನ ಮುಂದೆ ಎರಡು ದಾರಿ: ಬಿಟ್ಟು ಹೋಗೋದು, ಇಲ್ಲಾ ಇದ್ದುಕೊಂಡು ದನಿ ಎತ್ತೋದು. ದನಿಗೆ ಜಾಗ ಕೊಟ್ಟರೆ ಬಿಟ್ಟು ಹೋಗೋರು ಕಡಿಮೆಯಾಗ್ತಾರೆ. ಐವತ್ತು ವರ್ಷ ಎಲ್ಲರೂ ಇದನ್ನು ಉಲ್ಲೇಖ ಮಾಡಿದ್ರು. ನಿಜವಾದ ಕೆಲಸದ ಜಾಗದಲ್ಲಿ ಇದನ್ನು ಪ್ರಯೋಗ ಮಾಡಿ ನೋಡಿದ್ದು ಇಲ್ಲಿನ ಗಾರ್ಮೆಂಟ್ಸ್‌ನಲ್ಲೇ.

ಸಂಬಳ ಏರಿಕೆ ಬಂತು. ಕೆಲಸಗಾರರು ನಿರೀಕ್ಷೆ ಮಾಡಿದ್ದಕ್ಕಿಂತ ಅದು ಕಡಿಮೆ ಇತ್ತು. ಅದಾದ ಕೂಡಲೇ ಲಾಟರಿಯಲ್ಲಿ ಆರಿಸಿದ ಕೆಲವರಿಗೆ ಹೆಸರು ಹಾಕದ ಒಂದು ಸರ್ವೆ ಕೊಟ್ಟರು: ಕೆಲಸ ಹೇಗಿದೆ, ಸೂಪರ್‌ವೈಸರ್ ಹೇಗೆ, ತೃಪ್ತಿ ಇದೆಯಾ. ಅಷ್ಟೇ. ಸಂಬಳ ಬದಲಾಗಲಿಲ್ಲ. ಆದ್ರೂ ಸರ್ವೆ ಸಿಕ್ಕವರಲ್ಲಿ ಕೆಲಸ ಬಿಡೋದು, ರಜೆ ಹಾಕೋದು ಎರಡೂ ಕಡಿಮೆ ಆಯ್ತು. ಹೆಚ್ಚು ನಿರಾಸೆ ಆಗಿದ್ದವರಲ್ಲೇ ಈ ಪರಿಣಾಮ ಹೆಚ್ಚು.

ಇದನ್ನು ಎರಡು ಥರ ಓದಬಹುದು. ನಮ್ಮ ಗುಂಪಿನಲ್ಲೇ ಇದರ ಮೇಲೆ ಕ್ಯಾಂಟೀನಿನಲ್ಲಿ ಜಗಳ ಆಯ್ತು. ಒಬ್ಬಳು ಹೇಳಿದಳು, "ನೋಡಿ, ಮನುಷ್ಯರಿಗೆ ಕೇಳಿಸ್ಕೊಳ್ಳೋರು ಬೇಕು, ಅಷ್ಟೇ." ಇನ್ನೊಬ್ಬ, "ಅಂದ್ರೆ ಸಂಬಳ ಕೊಡೋ ಬದಲು ಫಾರ್ಮ್ ಕೊಟ್ಟರೆ ಸಾಕು ಅಂತ ಮ್ಯಾನೇಜರ್ ಕಲೀತಾನೆ, ಅಲ್ವಾ?" ಇಬ್ಬರೂ ಹೇಳಿದ್ದು ಸರಿ, ಆದ್ರೆ ಎರಡನೆಯವನ ಕಡೆ ನಾವು ಸ್ವಲ್ಪ ಹೆಚ್ಚು ವಾಲ್ತೀವಿ. ಒಂದು ಸಲ ಕೇಳಿ ಏನೂ ಮಾಡದಿದ್ರೆ ಮುಂದಿನ ಸಲ ಆ ಫಾರ್ಮನ್ನ ಯಾರು ನಂಬ್ತಾರೆ?

ದನಿಗೆ ದಾರಿ ಇಲ್ಲದಿದ್ದಾಗ ಏನಾಗತ್ತೆ ಅಂತ ಬೆಂಗಳೂರು ನೋಡಿದೆ. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಿಸಿ, ಮಾಲೀಕರ ಪಾಲಿನ ಹಣವನ್ನು 58 ವರ್ಷದವರೆಗೆ ತೆಗೆಯೋ ಹಾಗಿಲ್ಲ ಅಂದಿತು. ಮಗಳ ಮದುವೆ, ಮಗನ ಕಾಲೇಜು, ಮನೆ ರಿಪೇರಿ ಎಲ್ಲಕ್ಕೂ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ನಂಬಿಕೊಂಡಿದ್ದು ಅದೇ ದುಡ್ಡು. ಏಪ್ರಿಲ್ 18, 19ರಂದು ಸಾವಿರ ಸಾವಿರ ಹೆಣ್ಣುಮಕ್ಕಳು ಫ್ಯಾಕ್ಟರಿ ಬಿಟ್ಟು ರಸ್ತೆಗೆ ಇಳಿದರು. ಹೊಸೂರು ರಸ್ತೆ ನಿಂತಿತು, ನಮ್ಮ ತುಮಕೂರು ರಸ್ತೆಯೂ ನಿಂತಿತು. ಮುಂದೆ ನಿಂತು ಕರೆ ಕೊಟ್ಟ ದೊಡ್ಡ ನಾಯಕರು ಯಾರೂ ಇರಲಿಲ್ಲ. 19ರಂದೇ ಸರ್ಕಾರ ಆದೇಶ ವಾಪಸ್ ತಗೊಂಡಿತು. ಎರಡು ದಿನ!

ಇನ್ನೊಂದು ಘಟನೆ ನಮ್ಮ ಕಾಲದ್ದೇ. 2020ರ ಡಿಸೆಂಬರ್ 12, ಕೋಲಾರದ ನರಸಾಪುರ, ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆ. ಕೆಲಸಗಾರರ ಸಿಟ್ಟು ಸಿಡಿದು ಗಾಜು, ಯಂತ್ರ, ಗಾಡಿ ಎಲ್ಲ ಪುಡಿ. ಟಿವಿಯಲ್ಲಿ ಅದು ಲಾ ಅಂಡ್ ಆರ್ಡರ್ ಸುದ್ದಿಯಾಗಿ ಬಂತು. ಕಾರ್ಖಾನೆಗಳ ಇಲಾಖೆ ಪರಿಶೀಲಿಸಿದಾಗ ಬೇರೆ ಚಿತ್ರ ಸಿಕ್ಕಿತು: ಸ್ವಲ್ಪ ಕಾಲದಲ್ಲೇ ಜನ ಐದು ಸಾವಿರದಿಂದ ಹತ್ತು ಸಾವಿರ ದಾಟಿದ್ದರು, ಬಹುಪಾಲು ಗುತ್ತಿಗೆ ಕೆಲಸಗಾರರು. ಅದಕ್ಕೆ ತಕ್ಕ ಹಾಗೆ ಎಚ್‌ಆರ್ ವಿಭಾಗ ಬೆಳೆದಿರಲಿಲ್ಲ. ಹಾಜರಿ ದಾಖಲಿಸೋ ವ್ಯವಸ್ಥೆಯಲ್ಲಿ ದೋಷ, ಸಂಬಳದಲ್ಲಿ ಕಡಿತ. ಕೆಲವರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಹೋಗಿಲ್ಲ ಅಂತ ಕಂಪನಿಯೇ ಒಪ್ಪಿಕೊಂಡು ಒಬ್ಬ ಉಪಾಧ್ಯಕ್ಷರನ್ನು ತೆಗೆದುಹಾಕಿತು. ಆಪಲ್ ಹೊಸ ಆರ್ಡರ್ ನಿಲ್ಲಿಸಿತು. ಅಲ್ಲಿ ಕೆಟ್ಟಿದ್ದು ಅಸೆಂಬ್ಲಿ ಲೈನ್ ಅಲ್ಲ, ಹಾಜರಿ ಪುಸ್ತಕ.

ದನಿಯ ಬಗ್ಗೆ ಮಾತಾಡುವಾಗ ಇದನ್ನೂ ಹೇಳಬೇಕು. 2018ರಲ್ಲಿ ಶಾಹಿ ಕಂಪನಿಯದ್ದೇ ಬೆಂಗಳೂರಿನ ಒಂದು ಘಟಕದಲ್ಲಿ ಯೂನಿಯನ್ ಕಟ್ಟೋಕೆ ಹೊರಟ ಕೆಲಸಗಾರರ ಮೇಲೆ ಹಲ್ಲೆ ಆಯ್ತು ಅಂತ ವರ್ಕರ್ ರೈಟ್ಸ್ ಕನ್ಸಾರ್ಟಿಯಂ ವರದಿ ಮಾಡಿತು. ಆಮೇಲೆ ಕಂಪನಿ ಅವರನ್ನು ಕೆಲಸಕ್ಕೆ ವಾಪಸ್ ತಗೊಳ್ಳೋಕೆ ಒಪ್ಪಿತು. ಸರ್ವೆಯಲ್ಲಿ ಟಿಕ್ ಹಾಕೋ ದನಿ ಬೇರೆ, ನಾಲ್ಕು ಜನ ಸೇರಿ ಟೇಬಲ್ ಮುಂದೆ ಕೂತು ಮಾತಾಡೋ ದನಿ ಬೇರೆ. ಸಂಶೋಧನೆಗೆ ಕಂಪನಿಯ ಒಪ್ಪಿಗೆ ಬೇಕು, ಅಂಕಿಅಂಶ ಕೊಡೋದು ಕಂಪನಿ. ಹಾಗಾಗಿ ಮೊದಲನೇ ದನಿಯ ಮೇಲೆ ಪ್ರಯೋಗ ಮಾಡೋದು ಸುಲಭ, ಎರಡನೆಯದರ ಮೇಲೆ ಕಷ್ಟ. ಸಂಶೋಧಕರು ಕೆಟ್ಟವರು ಅಂತಲ್ಲ. ದೀಪ ಎಲ್ಲಿ ಹಿಡಿದಿದ್ದಾರೋ ಅಲ್ಲಿ ಮಾತ್ರ ಕಾಣತ್ತೆ ಅಂತ.

ಹಳೆಯ ಎರಡು ಹೆಸರು

ಇದಕ್ಕೂ ಮುಂಚೆ ನಮ್ಮ ದೇಶದಲ್ಲಿ ಇಂಥ ಕೆಲಸ ನಡೆದಿಲ್ಲ ಅಂತಲ್ಲ. 1953ರಲ್ಲಿ ಎ. ಕೆ. ರೈಸ್ ಅಹಮದಾಬಾದಿನ ಕ್ಯಾಲಿಕೋ ಮಿಲ್ಸ್‌ಗೆ ಬಂದಾಗ ಆಟೊಮ್ಯಾಟಿಕ್ ಮಗ್ಗದ ಶೆಡ್‌ನಲ್ಲಿ 224 ಮಗ್ಗಕ್ಕೆ 29 ಜನ, 12 ಬಗೆಯ ಬೇರೆ ಬೇರೆ ಕೆಲಸ. ಯಾರಿಗೂ ಒಂದು ಮಗ್ಗ ಪೂರ್ತಿ ತನ್ನದು ಅಂತ ಇರಲಿಲ್ಲ. ಏಳು ಜನರ ಸಣ್ಣ ಗುಂಪು ಮಾಡಿ ಒಂದಿಷ್ಟು ಮಗ್ಗವನ್ನು ಗುಂಪಿಗೇ ಒಪ್ಪಿಸಿದ್ರೆ ಹೇಗೆ ಅನ್ನೋ ವಿಚಾರ ಬಂದ ಕೂಡಲೇ ಕೆಲಸಗಾರರೇ ಗುಂಪು ಕಟ್ಟಿಕೊಂಡರು. ನೇಯ್ಗೆ ಹೆಚ್ಚಿತು, ಹಾಳಾಗೋ ಬಟ್ಟೆ ಕಡಿಮೆಯಾಯ್ತು.

ಇನ್ನೊಬ್ಬರು ಮಾರ್ಕ್ ಹೋಮ್‌ಸ್ಟ್ರೋಮ್. ಬೆಂಗಳೂರಿನ ಕಾರ್ಖಾನೆ ಕೆಲಸಗಾರರ ಜೊತೆ ಮಾತಾಡಿ 1976ರಲ್ಲಿ ಪುಸ್ತಕ ಬರೆದ ಮಾನವಶಾಸ್ತ್ರಜ್ಞ. ಪರ್ಮನೆಂಟ್ ಕೆಲಸ ಒಂದು ಕೋಟೆ ಇದ್ದ ಹಾಗೆ, ಒಳಗೆ ಹೋದವರು ಸುರಕ್ಷಿತ, ಹೊರಗಿನವರು ಗೋಡೆ ನೋಡ್ತಾ ನಿಂತವರು ಅಂತ ಅವರು ಮೊದಲು ಕಂಡರು. ಮುಂದೆ ಇನ್ನೊಂದು ಪುಸ್ತಕದಲ್ಲಿ ತಮ್ಮ ಮಾತನ್ನೇ ತಿದ್ದಿಕೊಂಡು, ಅದು ಗೋಡೆ ಅಲ್ಲ, ಕಡಿದಾದ ಇಳಿಜಾರು ಅಂದರು. ತುಮಕೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಚ್‌ಎಂಟಿ ಗಡಿಯಾರ ಕಾರ್ಖಾನೆ ನಮ್ಮೂರಿನ ಕೋಟೆ ಆಗಿತ್ತು. ಅಲ್ಲಿ ಕೆಲಸ ಇದ್ದ ಮನೆಗೆ ಹೆಣ್ಣು ಕೊಡೋಕೆ ಜನ ಮುಂದೆ ಬರ್ತಿದ್ದರು ಅಂತ ದೊಡ್ಡವರು ಈಗಲೂ ಹೇಳ್ತಾರೆ. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚೋಕೆ ಕೇಂದ್ರ ಸಂಪುಟ ಒಪ್ಪಿತು, ಆ ಜಾಗ ಈಗ ಇಸ್ರೋ ಪಾಲಾಗಿದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆ ಆಯ್ತು. ಅದೇ ತಿಂಗಳು ರಾಜ್ಯದ ವಿಧಾನಮಂಡಲ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆ ಮೀರದ ಹಾಗೆ ದಿನಕ್ಕೆ 12 ಗಂಟೆವರೆಗೆ ದುಡಿಸಲು ದಾರಿ ಮಾಡಿತು.

ಮೇಲೆ ಹೇಳಿದ ಸೆಕೆಯ ಲೆಕ್ಕ ಇಲ್ಲಿಗೂ ಅನ್ವಯಿಸತ್ತೆ. ಹನ್ನೆರಡನೇ ಗಂಟೆಯಲ್ಲಿ ಒಂದು ಲೈನಿನ ಎಫಿಶಿಯನ್ಸಿ ಎಷ್ಟಿರತ್ತೆ, ಎಷ್ಟು ಪೀಸ್ ಆಲ್ಟರ್‌ಗೆ ವಾಪಸ್ ಬರತ್ತೆ ಅಂತ ಗಂಟೆ ಗಂಟೆಯ ಶೀಟು ಎಲ್ಲ ಫ್ಲೋರ್‌ಗಳಲ್ಲೂ ಇರತ್ತೆ. ಕೊನೇ ವರ್ಷದ ಪ್ರಾಜೆಕ್ಟಿಗೆ ಟಾಪಿಕ್ ಹುಡುಕ್ತಿರೋ ಮೆಕ್ಯಾನಿಕಲ್, ಇಂಡಸ್ಟ್ರಿಯಲ್‌ನವರಿಗೆ ಹೇಳ್ತಿದ್ದೀವಿ: ಆ ಶೀಟು, ಒಂದು ಥರ್ಮಾಮೀಟರ್, ಮ್ಯಾನೇಜರ್‌ನ ಅನುಮತಿ ಪತ್ರ ಇಷ್ಟಿದ್ದರೆ ಶುರು ಮಾಡಬಹುದು. ಶೀಟಿನಲ್ಲಿ ಇಲ್ಲದ್ದನ್ನು ಕೇಳೋಕೆ ಊಟದ ಬಿಡುವಿನಲ್ಲಿ ಟೈಲರ್‌ಗಳ ಪಕ್ಕ ಕೂತ್ಕೊಳ್ಳಿ. ಅರ್ಧ ಗಂಟೆ ಮಾತ್ರ ಬಿಡುವು, ಅದರಲ್ಲೂ ಕೈ ತೊಳೆಯೋ ಕ್ಯೂ ಇರತ್ತೆ.